ಮೊದಲ ಕೊಯ್ಲಿನ ಟೀ, ಕಣ್ಣು ಮುಚ್ಚಿ ಕುಡಿಯುವವರು

ಇಂದಿರಾನಗರದಲ್ಲಿ ಜಪಾನಿನ ಹಸಿರು ಟೀ ಕುಡಿಸುವ ಅಂಗಡಿಗೆ ಕೆಲಸಕ್ಕೆ ಸೇರಿದ ಮೇಲೆ, ಬೆಪ್ಪುತನ ನೋಡಲು ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಆನ್‌ಲೈನಿನಲ್ಲಿ ಸೀಟು ಬುಕ್ ಮಾಡಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಮೆಟ್ಟಿಲು ಹತ್ತಿ ಬರುತ್ತದೆ.

ನನಗೆ ಟೀ ಮಾಡಲು ಬರುತ್ತದೆ. ಮಾತಾಡಲು ಬರುವುದಿಲ್ಲ. ಶಾಲೆಯಲ್ಲಿ ಹತ್ತು ವರ್ಷ ಇಂಗ್ಲಿಷಿನಲ್ಲಿ ಬಾಯಿ ಮುಚ್ಚಿಕೊಂಡಿದ್ದೆ, ಈಗ ಕನ್ನಡದಲ್ಲಿ ಮುಚ್ಚಿಕೊಂಡಿರುತ್ತೇನೆ. ಮೇ ತಿಂಗಳಲ್ಲಿ ವರ್ಷದ ಮೊದಲ ಕೊಯ್ಲಿನ ಎಲೆ ವಿಮಾನದಲ್ಲಿ ಬಂದಿಳಿದ ದಿನ ಓನರ್ ಕರೆದು ಹೇಳಿದರು: "ಈ ಸೀಸನ್ ಮುಗಿಯೋದ್ರೊಳಗೆ ನೀವು ಒಬ್ಬರೇ ನಿಂತು ಒಂದು ಟೇಸ್ಟಿಂಗ್ ನಡೆಸ್ಬೇಕು. ಗೆಸ್ಟ್‌ಗಳ ಹತ್ರ ಮಾತಾಡ್ಬೇಕು. ಆಗ್ಲಿಲ್ಲ ಅಂದ್ರೆ ನಿಮ್ಮನ್ನ ಪರ್ಮನೆಂಟ್ ಮಾಡೋಕಾಗಲ್ಲ."

ಮನೆಯಲ್ಲಿ ದೊಡ್ಡಪ್ಪ ಕಾಯುತ್ತಿದ್ದದ್ದೇ ಇದಕ್ಕೆ. ಬೈಯಪ್ಪನಹಳ್ಳಿ ಮೆಟ್ರೋ ಹತ್ತಿರ ಅವರದೊಂದು ಹುಡುಗರ ಪಿ.ಜಿ. ಇದೆ. ಟೀ ಕೆಲಸ ಹೋದರೆ ಅಲ್ಲಿ ರಿಸೆಪ್ಶನ್ನಿನಲ್ಲಿ ಕೂತು, "ಗೀಸರ್ ಕೆಟ್ಟಿದೆ" ಎಂದು ಟವೆಲ್ ಸುತ್ತಿಕೊಂಡು ಬರುವ ತೊಂಬತ್ತು ಜನ ಗಂಡಸರಿಗೆ ನಾನು ಉತ್ತರ ಕೊಡಬೇಕು. ಆ ಹೆದರಿಕೆಯಲ್ಲಿ ಇಡೀ ಸೀಸನ್ ಮೂಲೆಯಲ್ಲಿ ನಿಂತು, ಬಂದವರ ಜೊತೆ ಹೇಗೆ ಮಾತಾಡಬೇಕೆಂದು ನೋಡಿ ಕಲಿಯಲು ಹೊರಟೆ. ಕಲಿತದ್ದು ಇಷ್ಟು.

ಓನರ್ ನಾಲಿಗೆ

ನಮ್ಮ ಓನರ್ ಮೊದಲು ಗಾಣದ ಎಣ್ಣೆ ಮಾರುತ್ತಿದ್ದರು. ಆಮೇಲೆ ಬಿಯರ್. ಈಗ ಮಂಡಿಯವರೆಗೆ ಬರುವ ನೀಲಿ ಕೋಟು ಹಾಕಿಕೊಂಡು ತಮ್ಮ ನಾಲಿಗೆಯನ್ನು "ಇನ್‌ಸ್ಟ್ರುಮೆಂಟ್" ಎಂದು ಕರೆಯುತ್ತಾರೆ. ಅದಕ್ಕೆ ಅಡ್ಡಿಯಾಗುತ್ತದೆಂದು ನಾವು ಮಲ್ಲಿಗೆ ಮುಡಿಯುವ ಹಾಗಿಲ್ಲ, ತಲೆಗೆ ಎಣ್ಣೆ ಹಚ್ಚುವ ಹಾಗಿಲ್ಲ, ಮಧ್ಯಾಹ್ನದ ಡಬ್ಬಿಯಲ್ಲಿ ಬೆಳ್ಳುಳ್ಳಿ ತರುವ ಹಾಗಿಲ್ಲ.

ಟೇಸ್ಟಿಂಗಿನಲ್ಲಿ ಅವರು ಒಂದು ಗುಟುಕು ಹೀರಿ, ಯಾವ ರುಚಿ ಸಿಗಬೇಕೆಂದು ಹೇಳುತ್ತಾರೆ. ಬಂದವರಿಗೆ ಆ ರುಚಿ ಸಿಗುತ್ತದೆ. "ಬೇಯಿಸಿದ ಜೋಳ" ಎಂದರೆ ಎಲ್ಲರಿಗೂ ಜೋಳ. "ಎಳೆ ಪಾಲಕ್" ಎಂದರೆ ಎಲ್ಲರಿಗೂ ಪಾಲಕ್. ಒಂದು ದಿನ "ಸಮುದ್ರದ ಗಾಳಿ" ಎಂದರು. ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ ಹೆಂಗಸೊಬ್ಬರು ಪೆನ್ನು ಎತ್ತಿ ಕೇಳಿದರು: "ಯಾವ ಸಮುದ್ರ ಸರ್? ಚೆನ್ನೈದಾ, ಗೋವಾದ್ದಾ?"

ಈಗ ಸಿಕ್ಕಿಬಿದ್ದರು ಅಂದುಕೊಂಡೆ. ಓನರ್ ಕಣ್ಣು ಮುಚ್ಚಿದರು. ಇನ್ನೊಂದು ಗುಟುಕು ಹೀರಿದರು. ಬಾಯಲ್ಲಿ ಒಂದು ಸುತ್ತು ತಿರುಗಿಸಿದರು.

"ಗೋವಾ," ಎಂದರು. "ಸೌತ್ ಗೋವಾ."

ಆಕೆ ಬರೆದುಕೊಂಡು ಅಡಿಗೆರೆ ಎಳೆದರು.

ಶಿವಾಜಿನಗರದ ಸಾಹೇಬರು

ಶಿವಾಜಿನಗರದಲ್ಲಿ ಚಾಯ್ ಹೋಟೆಲ್ ನಡೆಸುವ ಹಿರಿಯರೊಬ್ಬರನ್ನು ಅವರ ಸೊಸೆ ಕರೆದುಕೊಂಡು ಬಂದಳು. ಮಾವನಿಗೆ ಹುಟ್ಟುಹಬ್ಬದ ಉಡುಗೊರೆಯಂತೆ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಜುಬ್ಬಾ. ಕೆಳಗೆ ಕೂರಲು ಮಂಡಿ ಬಾಗದ್ದರಿಂದ ಅವರಿಗೊಂದು ಸ್ಟೂಲ್ ಹಾಕಿಕೊಟ್ಟೆ. ಕಪ್ಪು ಅವರ ಹೆಬ್ಬೆರಳಿನಷ್ಟಿತ್ತು. ಅದನ್ನು ತಿರುಗಿಸಿ ನೋಡಿ ಏನೂ ಹೇಳದೆ ಕುಡಿದರು. ಮರ್ಯಾದಸ್ಥರು.

ಓನರ್ ಅದೇ ಎಲೆಗೆ ಎರಡನೇ ಸಲ ನೀರು ಹಾಕಿದರು. "ಈಗ ಎಲೆಯ ಇನ್ನೊಂದು ಮುಖ ನೋಡ್ತೀರ."

ಸಾಹೇಬರು ಕುಡಿದರು.

ಮೂರನೇ ಸಲ ಹಾಕಿದರು. "ಈಗ ಎಲೆ ತನ್ನ ಗುಟ್ಟು ಬಿಟ್ಟುಕೊಡುತ್ತೆ."

ಸುತ್ತ ಕೂತವರು ಚಪ್ಪಾಳೆ ತಟ್ಟಿದರು. ಅದನ್ನೂ ಕುಡಿದು, ಕಪ್ಪು ಕೆಳಗಿಟ್ಟು, ಸಾಹೇಬರು ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು: "ಬೇಟಾ, ಒಂದೇ ಪತ್ತಿಗೆ ಮೂರು ಸಾರಿ ನೀರು ಹಾಕಿದ್ರೆ ನಮ್ಮ ಕಡೆ ಗಿರಾಕಿಗಳು ಬಂದು ಹೋಟೆಲ್ ಮುಚ್ಚಿಸ್ತಾರೆ. ಇಲ್ಲಿ ಚಪ್ಪಾಳೆ ಹೊಡೀತಾರಲ್ಲ, ಈ ಜನ ಎಲ್ಲಿ ಸಿಗ್ತಾರೆ?"

ಥರ್ಮಾಮೀಟರ್

ವಿಮಾನಪುರದಿಂದ ಒಬ್ಬ ರಿಟೈರ್ಡ್ ಅಂಕಲ್ ಬಂದರು. ಇಡೀ ಸರ್ವಿಸ್ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗ ಪರೀಕ್ಷೆ ಮಾಡಿ ಪಾಸು ಫೇಲು ಹಾಕಿದವರು. ಈ ಟೀಗೆ ಕುದಿಯುವ ನೀರು ಹಾಕಿದರೆ ಕಹಿಯಾಗುತ್ತದೆ, ಎಪ್ಪತ್ತು ಡಿಗ್ರಿ ಇರಬೇಕೆಂದು ನಮ್ಮ ವೆಬ್‌ಸೈಟಿನಲ್ಲಿ ಓದಿಕೊಂಡು, ಜೇಬಿನಲ್ಲಿ ಸ್ವಂತ ಥರ್ಮಾಮೀಟರ್ ತಂದಿದ್ದರು.

"ಎಪ್ಪತ್ತೆರಡಿದೆಯಲ್ಲಮ್ಮ."

ಆರಲು ಬಿಟ್ಟೆ.

"ಅರವತ್ತೆಂಟು. ರಿಜೆಕ್ಟ್."

ಮತ್ತೆ ಕಾಯಿಸಿದೆ. ಎಪ್ಪತ್ತೊಂದು. ಅದೂ ರಿಜೆಕ್ಟ್. ಪಕ್ಕದವರು ಕುಡಿದು ಮುಗಿಸಿ, ಫೋಟೋ ತೆಗೆಸಿಕೊಂಡು, ಮೆಟ್ಟಿಲಿಳಿದು ಹೋದರು. ಐದನೇ ಸಲಕ್ಕೆ ಸರಿಯಾಗಿ ಎಪ್ಪತ್ತಕ್ಕೆ ನಿಂತಿತು. ಅಂಕಲ್ ಮುಖ ಅರಳಿತು. ಎಲೆ ನೆನೆಸಿ ಬಗ್ಗಿಸಿಕೊಟ್ಟೆ, ಒಂದೇ ಗುಟುಕಿಗೆ ಎತ್ತಿಬಿಟ್ಟರು. ಇಷ್ಟು ಒದ್ದಾಡಿದ್ದಕ್ಕೆ ಹೇಗಿದೆ ಅಂತಾದರೂ ಕೇಳೋಣವೆಂದು ಧೈರ್ಯ ಮಾಡಿದೆ. "ಟೇಸ್ಟ್ ಹೇಗಿದೆ ಅಂಕಲ್?"

"ನಂಗೆ ಸೈನಸ್ಸಮ್ಮ. ಹತ್ತು ವರ್ಷದಿಂದ ರುಚಿ ವಾಸನೆ ಏನೂ ಗೊತ್ತಾಗಲ್ಲ," ಎಂದರು. "ಟೆಂಪರೇಚರ್ ಮಾತ್ರ ಫಸ್ಟ್ ಕ್ಲಾಸ್."

ಮನೆಯಲ್ಲಿ ರಿಹರ್ಸಲ್

ಸೀಸನ್ ಮುಗಿಯಲು ಒಂದು ವಾರವಿತ್ತು. ಹೊಸ ತಿಪ್ಪಸಂದ್ರದ ನಮ್ಮ ಮನೆಯಲ್ಲಿ ಅಮ್ಮನನ್ನೂ ದೊಡ್ಡಪ್ಪನನ್ನೂ ಗೆಸ್ಟ್ ಎಂದು ಕೂರಿಸಿದೆ. ಭಾಷಣ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. "ಈ ಎಲೆ" ಎನ್ನುವವರೆಗೆ ಬಂದೆ. ಅಷ್ಟರಲ್ಲಿ ಅಮ್ಮ ಕೆಟಲ್ ಮುಟ್ಟಿ ನೋಡಿದಳು.

"ಕುದ್ದೇ ಇಲ್ಲವಲ್ಲೇ! ಮನೆಯವರಿಗೆಲ್ಲ ಟೈಫಾಯ್ಡ್ ಬರಿಸ್ತೀಯಾ?"

"ಕುದ್ದಿತ್ತಮ್ಮ, ಆರಿಸಿದೀನಿ. ಎಪ್ಪತ್ತು ಡಿಗ್ರಿ ಸಾಕು."

"ಆರಿದ ನೀರಲ್ಲಿ ಟೀ ಮಾಡಿದ್ರೆ ಬಂದವರು ಏನಂದ್ಕೋತಾರೆ? ಕೊಡಿಲ್ಲಿ." ನೀರನ್ನು ಎಲೆಯ ಸಮೇತ ಪಾತ್ರೆಗೆ ಸುರಿದು, ಶುಂಠಿ ಜಜ್ಜಿ ಹಾಕಿ, ಚೆನ್ನಾಗಿ ಕುದಿಸಿ, ಅಭ್ಯಾಸಬಲದಲ್ಲಿ ಹಾಲೂ ಹುಯ್ದಳು. ಸರ್ಕಾರಿ ಆಸ್ಪತ್ರೆಯ ಗೋಡೆಯ ಬಣ್ಣ ಬಂತು. ಅದನ್ನು ನೋಡಿ ಅವಳೇ ಸಿಂಕಿಗೆ ಚೆಲ್ಲಿ, "ನಿಮ್ಮ ಎಲೆನೇ ಸರಿಯಿಲ್ಲ," ಎಂದಳು.

ದೊಡ್ಡಪ್ಪ ಮಾತ್ರ ಪ್ಯಾಕೆಟ್ಟಿನಲ್ಲಿ ಉಳಿದದ್ದನ್ನು ಅಂಗೈಗೆ ಹಾಕಿ ಮೂಸಿದರು. ನಮ್ಮ ಕಡೆಯ ಹೊಲವೆಲ್ಲ ಲೇಔಟ್ ಆಗುವವರೆಗೆ ಹಸು ಕಟ್ಟಿದ್ದವರು. ಇಷ್ಟು ದಿನದಲ್ಲಿ ಎಲೆಯನ್ನು ಅಷ್ಟು ಗಮನವಿಟ್ಟು ಮೂಸಿದವರು ಅವರೊಬ್ಬರೇ.

"ಒಳ್ಳೆ ಮಾಲು ಕಣಮ್ಮ," ಎಂದರು. "ನಮ್ಮ ಸೀಮೆಹಸುಗೆ ಹಾಕಿದ್ದಿದ್ರೆ ಹೊತ್ತಿಗೆ ಇನ್ನೊಂದು ಲೀಟರ್ ಜಾಸ್ತಿ ಕೊಡ್ತಿತ್ತು. ಇರ್ಲಿ, ಒಂದನೇ ತಾರೀಕಿಂದ ಪಿ.ಜಿ.ಗೆ ಬಂದ್ಬಿಡು."

ನಾನೊಬ್ಬಳೇ

ಕೊನೆಯ ಭಾನುವಾರ. "ನಾನಿದ್ರೆ ನೀವು ಬಾಯಿ ಬಿಡಲ್ಲ," ಎಂದು ಓನರ್ ಹೊರಗೆ ಹೋದರು. ಆರು ಜನ ಬಂದರು, ಯಾವುದೋ ಧ್ಯಾನದ ಗುಂಪಿನವರು. ಎಲ್ಲರೂ ಸುಕ್ಕುಗಟ್ಟಿದ ದುಬಾರಿ ಬಟ್ಟೆ ಹಾಕಿದ್ದರು. ಮುಖಂಡನ ಕೊರಳಲ್ಲಿ ಮರದ ಮಣಿಸರ.

ಈ ಟೀ ಮಾಡುವ ಕ್ರಮ ಹೀಗೆ. ಕುದ್ದ ನೀರನ್ನು ಮೊದಲು ಖಾಲಿ ಕಪ್ಪುಗಳಿಗೆ ಹಾಕುತ್ತೇವೆ. ಕಪ್ಪು ಬೆಚ್ಚಗಾಗುತ್ತದೆ, ನೀರು ಆರುತ್ತದೆ. ಆಮೇಲೆ ಆ ನೀರನ್ನು ಎಲೆಯಿರುವ ಪಾಟಿಗೆ ಸುರಿದು ನೆನೆಸುತ್ತೇವೆ. ಆದ್ದರಿಂದ ಕಪ್ಪಿಗೆ ನೀರು ಹಾಕುವಾಗ ಗೆಸ್ಟ್‌ಗಳಿಗೆ ಹೇಳಬೇಕು: "ಇದು ಬರೀ ನೀರು, ಇನ್ನೂ ಕುಡಿಯಬೇಡಿ." ಐದೇ ಪದ.

ನೀರು ಹಾಕಿದೆ. ಬಾಯಿ ತೆರೆದೆ. ಹನ್ನೆರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಬಾಯಿ ಮುಚ್ಚಿದೆ.

"ಶ್," ಎಂದ ಮುಖಂಡ ಪಕ್ಕದವರಿಗೆ. "ಮೌನದಲ್ಲಿ ಸರ್ವ್ ಮಾಡ್ತಿದಾರೆ."

ಆರೂ ಜನ ಎರಡೂ ಕೈಯಲ್ಲಿ ಕಪ್ಪೆತ್ತಿ, ಕಣ್ಣು ಮುಚ್ಚಿ, ಬಿಸಿನೀರು ಕುಡಿದರು.

"ಎಷ್ಟು ಸೂಕ್ಷ್ಮ," ಎಂದರು ಒಬ್ಬರು.

ಎಲೆ ನೆನೆಸಲು ನೀರೇ ಉಳಿದಿರಲಿಲ್ಲ. ಮತ್ತೆ ಕಾಯಿಸಿ ಕಪ್ಪಿಗೆ ಹಾಕಿದೆ, ಈ ಸಲ ಹೇಳಿಯೇ ತೀರುತ್ತೇನೆಂದು. "ಇದು..." ಎಂದೆ. ಮುಖಂಡ ಕೈ ಮುಗಿದ. ಆರೂ ಜನ ಕುಡಿದರು.

"ಮೊದಲನೇದಕ್ಕಿಂತ ಬಾಡಿ ಜಾಸ್ತಿ, ನಾಲಿಗೆ ಮೇಲೆ ಗಟ್ಟಿಯಾಗಿ ಕೂರುತ್ತೆ," ಎಂದರು ಇನ್ನೊಬ್ಬರು.

ಮೂರನೇ ಸಲಕ್ಕೆ ಕ್ಯಾನ್ ನೀರು ಮುಗಿದು ನಲ್ಲಿಯ ಟ್ಯಾಂಕರ್ ನೀರು ಹಿಡಿದೆ. "ಆಹಾ, ಈಗ ಮಿನರಲ್ಸ್ ಗೊತ್ತಾಗ್ತಿದೆ," ಎಂದ ಮುಖಂಡ. ಇಡೀ ಸೀಸನ್ನಿನಲ್ಲಿ ಯಾರಾದರೂ ಹೇಳಿದ ನಿಜವಾದ ರುಚಿ ಅದೊಂದೇ. ಹೆಂಗಸೊಬ್ಬರು ಕಣ್ಣೊರೆಸಿಕೊಂಡರು, ಅಜ್ಜಿ ನೆನಪಾದಳಂತೆ. ಎಲ್ಲರೂ ನನಗೆ ಬಾಗಿ ನಮಸ್ಕರಿಸಿ, ತಲಾ ಒಂದು ಪ್ಯಾಕೆಟ್ ಎಲೆ ಕೊಂಡು ಹೋದರು.

ಓನರ್ ಬಂದವರೇ ಪಾಟಿನ ಮುಚ್ಚಳ ತೆಗೆದರು. ಒಳಗೆ ಎಲೆ ಒಣಗಿಕೊಂಡು ಹಾಗೇ ಕೂತಿತ್ತು.

"ಏನ್ರೀ ಇದು?"

"ನೀರು ಕುಡಿದ್ಬಿಟ್ರು ಸಾರ್. ಬೇಡ ಅನ್ನೋಕೆ ಹೋದೆ. ಆಗ್ಲಿಲ್ಲ."

"ಎಷ್ಟು ಸಲ?"

"ಮೂರು ಸಲ ಸಾರ್."

ನನ್ನ ಕಣ್ಣ ಮುಂದೆ ಆಗಲೇ ತೊಂಬತ್ತು ಟವೆಲ್ಲುಗಳು ಸಾಲಾಗಿ ನಿಂತಿದ್ದವು. ಅಷ್ಟರಲ್ಲಿ ಓನರ್ ಫೋನ್ ಕುಂಯ್ ಎಂದಿತು. ಓದಿದರು. ಮತ್ತೆ ಕುಂಯ್. ಮತ್ತೆ ಓದಿದರು. "'ಜೀವನದಲ್ಲಿ ಇಷ್ಟು ಶುದ್ಧವಾದ ಟೀ ಕುಡಿದಿರಲಿಲ್ಲ' ಅಂತೆ," ಎಂದು ನನ್ನನ್ನು ನೋಡಿದರು. ಆಮೇಲೆ ಪಾಟಿನ ಎಲೆಯನ್ನು ಒಂದೂ ಚೆಲ್ಲದ ಹಾಗೆ ಡಬ್ಬಿಗೆ ವಾಪಸ್ ಹಾಕಿದರು. "ನಾಳೆ ಲೆಟರ್ ಕೊಡ್ತೀನಿ. ಪರ್ಮನೆಂಟ್. ಆದ್ರೆ ದಯವಿಟ್ಟು ಮಾತಾಡೋದು ಮಾತ್ರ ಕಲೀಬೇಡಿ."

ಮಾರನೆಯ ದಿನ ಲೆಟರ್ ನನ್ನ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಒಂದು ಫೋನ್ ಬಂತು. ಅಜ್ಜಿ ನೆನಪಾಗಿ ಅತ್ತ ಹೆಂಗಸು. ಓನರ್ ಸ್ಪೀಕರಿಗೆ ಹಾಕಿದರು.

"ನಿಮ್ಮ ಎಲೆ ಮನೇಲಿ ಹಾಕಿ ನೋಡ್ದೆ. ಹಸಿರು ಬಣ್ಣ ಬರ್ತಿದೆ, ಏನೋ ಸೊಪ್ಪಿನ ವಾಸನೆ ಬೇರೆ. ನಿನ್ನೆ ಕೊಟ್ಟಿದ್ದು ಇದೇ ಟೀನಾ?"

"ಇದೇ ಮೇಡಂ," ಎಂದರು ಓನರ್, ಕಣ್ಣು ಮಿಟುಕಿಸದೆ. "ನೀವು ಎಲೆ ಜಾಸ್ತಿ ಹಾಕ್ತಿದೀರ. ಕಡಿಮೆ ಮಾಡಿ."

"ಎಷ್ಟು ಕಡಿಮೆ?"

"ಮಾಡ್ತಾ ಹೋಗಿ ಮೇಡಂ. ನಿನ್ನೆ ರುಚಿ ಬಂದ ತಕ್ಷಣ ನಿಲ್ಲಿಸಿ."