ಕೊನೆಯ ಹತ್ತು ನಿಮಿಷದ ಕೋಳಿ

ಸಿನಿಮಾಗಳಿಗೂ ನಿವೃತ್ತಿ ವಯಸ್ಸು ಅಂತ ಒಂದಿರಬಾರದೇ ಎಂಬುದು ಕ್ಯಾಸೆಟ್ ರಾಯರ ಬಹುಕಾಲದ ದೂರು. (ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ಅವರ ಅಂಗಡಿ ಈಗ ಮೊಬೈಲ್ ರಿಪೇರಿ ಅಂಗಡಿಯಾಗಿದೆ. ಅಡ್ಡಹೆಸರು ಮಾತ್ರ ರಿಪೇರಿಯಾಗಿಲ್ಲ.) ಅಂದಿನ ಮಿಕ್ಕ ಸಿನಿಮಾಗಳೆಲ್ಲ ಮರ್ಯಾದೆಯಾಗಿ ಮರೆಯಾದವು. ತೊಂಬತ್ತರ ದಶಕದ ಆ ಒಂದು ಕಾಲೇಜು ಕಾಮಿಡಿ ಮಾತ್ರ ಜಪ್ಪಯ್ಯ ಅಂದರೂ ಜಾಗ ಬಿಡಲೊಲ್ಲದು. ಅದರ ನಾಯಕಿ ಒಂದೇ ಭುಜಕ್ಕೆ ಪಟ್ಟಿ ಹಾಕಿದ ಡಂಗ್ರಿ ತೊಟ್ಟು, ತಲೆ ತುಂಬ ಚಿಟ್ಟೆ ಕ್ಲಿಪ್ಪು ಸಿಕ್ಕಿಸಿಕೊಂಡು, "ನನಗೆ ಟೈಮಿಲ್ಲ, ಕನ್ನಡಿ ಕಾಯ್ತಾ ಇದೆ!" ಎಂದಿದ್ದೇ ತಡ, ಒಂದು ತಲೆಮಾರಿನ ಹುಡುಗಿಯರಿಗೆಲ್ಲ ಹುಚ್ಚು ಹಿಡಿದಿತ್ತು. ಈಗ ಅವರ ಹೆಣ್ಣುಮಕ್ಕಳಿಗೂ ಹಿಡಿದಿದೆ.

"ಅಪ್ಪಾ, ಅದು ಥಿಯೇಟರಿಗೆ ಮತ್ತೆ ಬಂದಿದೆ! ಭಾನುವಾರ ಮ್ಯಾಟಿನಿಗೆ ಮೂರು ಟಿಕೆಟ್ ಮಾಡಿದೀನಿ" ಎಂದಳು ಮಗಳು. ತಲೆಯಲ್ಲಿ ಅಮ್ಮನ ಕಾಲದ್ದೇ ಚಿಟ್ಟೆ ಕ್ಲಿಪ್ಪು.

"ಅಂತೂ ಅದರ ಕೊನೇನ ದೊಡ್ಡ ಪರದೇಲಿ ನೋಡೋ ಯೋಗ ಬಂತು" ಎಂದರು ರಾಯರ ಹೆಂಡತಿ, ಗಣಿತದ ಉತ್ತರಪತ್ರಿಕೆಗೆ ಕೆಂಪು ಗೀಟು ಎಳೆಯುತ್ತ. ಆಕೆ ಹೈಸ್ಕೂಲಿನ ಟೀಚರು.

ರಾಯರ ಎದೆ ಧಸಕ್ಕೆಂದಿತು. ಅದಕ್ಕೆ ಇಪ್ಪತ್ತೇಳು ವರ್ಷದ ಹಿಂದಿನ ಕಾರಣವಿತ್ತು. ಆಗ ಕಾಲೇಜಿನಲ್ಲಿದ್ದ ಈ ಟೀಚರು ಅಂಗಡಿಗೆ ಬಂದು, "ನಾಳೆಗೆ ಆ ಸಿನಿಮಾ ತೆಗೆದಿಡಿ" ಎಂದಿದ್ದರು. ಸೋಡಾಗ್ಲಾಸಿನ ಕನ್ನಡಕದ ರಾಯರು ಆ ಒಂದೇ ವಾಕ್ಯಕ್ಕೆ ಬೌಲ್ಡ್ ಆದರು. ಅವತ್ತೇ ಸಿನಿಮಾ ಹಾಕಿ ನೋಡಿದರು. ಅದರಲ್ಲಿ ಇಬ್ಬರು ಹುಡುಗರು: ಲೈಬ್ರರಿಯ ಕನ್ನಡಕದವನೊಬ್ಬ, ಬೈಕಿನವನೊಬ್ಬ. ನಾಯಕಿ ಎಲ್ಲ ಬಿಟ್ಟು ಕೊನೆಗೆ ಬೈಕ್ ಹತ್ತಿಬಿಟ್ಟಳು! ಇಂಥ ಕುಶಿಕ್ಷಣ ತಮ್ಮ ಭಾವೀ ಪತ್ನಿಗೆ ತಮ್ಮ ಅಂಗಡಿಯಿಂದಲೇ ಹೋಗುವುದೇ? ಕೊನೆಯ ಹತ್ತು ನಿಮಿಷದ ಮೇಲೆ ಆಗ ಟಿವಿಯಲ್ಲಿ ಬರುತ್ತಿದ್ದ 'ಕೋಳಿಗಳಿಗೆ ಬರುವ ರೋಗಗಳು' ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿಬಿಟ್ಟರು.

ಕ್ಯಾಸೆಟ್ ವಾಪಸು ತಂದ ಹುಡುಗಿ ಕೋಳಿಯ ವಿಚಾರ ಕೇಳಿದಾಗ, "ಅಯ್ಯೋ, ಕೈತಪ್ಪಿ ಆಗಿಹೋಯ್ತು. ಕೊನೆಗೆ ಅವಳು ಕನ್ನಡಕದವನನ್ನೇ ಮದುವೆ ಆಗ್ತಾಳೆ. ಬುದ್ಧಿವಂತೆ" ಎಂದರು. ಹುಡುಗಿ ಅದೇ ಕ್ಯಾಸೆಟ್ಟನ್ನು ಒಟ್ಟು ಹನ್ನೊಂದು ಸಲ ಒಯ್ದಳು. ಆಮೇಲೆ ರಾಯರನ್ನೇ ಮದುವೆಯಾದಳು. ಟಿವಿಯಲ್ಲಿ ಆ ಸಿನಿಮಾ ಬಂದಾಗಲೆಲ್ಲ ಸರಿಯಾಗಿ ಕೊನೆಯ ಹತ್ತು ನಿಮಿಷಕ್ಕೆ ಮನೆಯ ಫ್ಯೂಸು ಹೋಗುತ್ತಿತ್ತು. (ಫ್ಯೂಸು ಎಲ್ಲಿ ಹೋಗುತ್ತಿತ್ತೆಂದರೆ, ರಾಯರ ಜೇಬಿಗೆ.)

ತಮ್ಮ ಸಂಸಾರವೇ ಆ ಹತ್ತು ನಿಮಿಷದ ಮೇಲೆ ನಿಂತಿದೆ ಎಂದು ನಂಬಿದ್ದ ರಾಯರು ಟೊಂಕ ಕಟ್ಟಿದರು.

"ಆ ಥಿಯೇಟರ್ ಸೀಟಲ್ಲಿ ತಿಗಣೆ ಇರ್ತವಂತೆ ಕಣೇ."

"ನಮ್ಮ ಸೋಫಾದಲ್ಲೇನು ನವಿಲು ಇದಾವಾ?"

"ನಿನ್ನ ಮಂಡಿನೋವು? ಬಾಲ್ಕನಿಗೆ ಎಷ್ಟು ಮೆಟ್ಟಿಲಿದೆಯೋ ಏನೋ!"

"ಮೂವತ್ತೆರಡು. ಹತ್ತುತ್ತೀನಿ ಬಿಡಿ."

ಭಾನುವಾರ ಬಂದೇಬಿಟ್ಟಿತು. ಥಿಯೇಟರಿನ ತುಂಬ ಡಂಗ್ರಿ ತೊಟ್ಟ ಅಮ್ಮಂದಿರು, ಡಂಗ್ರಿ ತೊಟ್ಟ ಮಕ್ಕಳು. ರಾಯರು ಪರದೆ ನೋಡಲಿಲ್ಲ, ಗಡಿಯಾರ ನೋಡುತ್ತ ಕೂತರು. ಕೊನೆಯ ಹತ್ತು ನಿಮಿಷ ಶುರುವಾಗುತ್ತಲೇ ಹೊಟ್ಟೆ ಹಿಡಿದು ಮುದುರಿಕೊಂಡರು.

"ಅಯ್ಯಯ್ಯೋ, ಹೊಟ್ಟೆ! ಹೊರಗೆ ಕರ್ಕೊಂಡು ಹೋಗೇ, ತಡ್ಕೊಳ್ಳೋಕಾಗ್ತಿಲ್ಲ!"

ಹೆಂಡತಿ ಪರದೆಯಿಂದ ಕಣ್ಣು ಕೀಳದೆ, ನಾಯಕಿಯ ಅದೇ ರಾಗದಲ್ಲಿ, "ನನಗೆ ಟೈಮಿಲ್ಲ, ಕನ್ನಡಿ ಕಾಯ್ತಾ ಇದೆ!" ಎಂದರು. ಮುಂದಿನ ಸಾಲಿನ ಹುಡುಗಿಯರು ತಿರುಗಿ ಚಪ್ಪಾಳೆ ಹೊಡೆದರು.

ಪರದೆಯ ಮೇಲೆ ನಾಯಕಿ ಕನ್ನಡಕದವನ ಕನ್ನಡಕ ತೆಗೆದಳು. ರಾಯರಿಗೆ ಒಂದು ಕ್ಷಣ ಹುಚ್ಚು ಆಸೆ. ಅವಳು ಅದನ್ನು ಒರೆಸಿ, ಅವನ ಮೂಗಿಗೇ ವಾಪಸು ಏರಿಸಿ, ಕೆನ್ನೆ ತಟ್ಟಿ, ಹೋಗಿ ಬೈಕ್ ಹತ್ತಿದಳು.

ದೀಪ ಹತ್ತಿತು. ರಾಯರ ಮುಖ ಹುಳ್ಳಗಾಗಿತ್ತು. "ಈ ಸಿನಿಮಾದೋರು ಕೊನೇನೇ ಬದಲಾಯಿಸಿದಾರೆ ಕಣೇ" ಎಂದು ಗೊಣಗಿದರು.

"ರೀ, ಸಾಕು ಮಾಡಿ. ಬಾಡಿಗೆ ಕ್ಯಾಸೆಟ್ಟಿನ ಬೆನ್ನಲ್ಲಿ ಒಂದು ತೂತು ಇರುತ್ತೆ. ಅದಕ್ಕೆ ಗಮ್ ಟೇಪ್ ಅಂಟಿಸದೆ ಅದರ ಮೇಲೆ ಏನೂ ರೆಕಾರ್ಡ್ ಆಗಲ್ಲ. ಕೋಳಿ ರೋಗದ ಪಾಠ ಕೈತಪ್ಪಿ ಬಂತು ಸರಿ, ಟೇಪೂ ಕೈತಪ್ಪಿ ಅಂಟ್ಕೊಂಡಿತಾ?"

"ಹಾಗಾದ್ರೆ... ಅವತ್ತೇ ಗೊತ್ತಿತ್ತಾ?"

"ಅದಕ್ಕೂ ಮುಂಚೆ. ಇದೇ ಮೂವತ್ತೆರಡು ಮೆಟ್ಟಿಲು ಹತ್ತಿ ಮೂರು ಸಲ ನೋಡಿದ್ದೆ."

ರಾಯರ ಎದೆ ಮೆಲ್ಲಗೆ ಉಬ್ಬಿತು. ಎಲ್ಲ ಗೊತ್ತಿದ್ದೂ ಹನ್ನೊಂದು ಸಲ! "ಮತ್ತೆ ನನ್ನ ಅಂಗಡಿಗೆ ಅಷ್ಟು ಸಲ ಬಂದಿದ್ದು ಯಾಕೆ?" ಎಂದು ದನಿಗೆ ಜೇನು ಸವರಿ ಕೇಳಿದರು.

"ನಿಮ್ಮ ಅಂಗಡಿ ಎದುರಿಗೆ ಬೈಕ್ ರಿಪೇರಿಯವನೊಬ್ಬ ಇದ್ದನಲ್ಲ..."

ಉಬ್ಬಿದ್ದ ಎದೆ ಪಂಕ್ಚರಾಯಿತು.

"ನಾಲ್ಕನೇ ಸಲ ಬಂದಾಗ ಅವನಿಗೆ ಮದುವೆ ನಿಶ್ಚಯ ಆಗಿತ್ತು. ಮಿಕ್ಕ ಏಳು ಸಲ ಯಾರನ್ನ ನೋಡೋಕೆ ಬಂದೆ, ಲೆಕ್ಕ ನೀವೇ ಮಾಡಿ. ನನಗೋಸ್ಕರ ಇಷ್ಟು ದಡ್ಡ ಸುಳ್ಳು ಹೇಳಿದವನು ಇನ್ನೊಬ್ಬ ಸಿಗಲ್ಲ ಅನ್ನಿಸ್ತು."

ರಾಯರು ಬೆಣ್ಣೆಯಾದರು. ಮೂವರೂ ಪಕ್ಕದ ಹೋಟೆಲಿಗೆ ನುಗ್ಗಿದರು. ಅಮ್ಮ ಮಗಳಿಗೆ ಘಮಘಮಿಸುವ ಹುರಿದ ಕೋಳಿ ಬಂತು. ರಾಯರ ಮುಂದೆ ಮಾತ್ರ ಒಂದು ಲೋಟ ಬಿಸಿನೀರು.

"ನನಗೆ?"

"ಹೊಟ್ಟೆನೋವಲ್ವಾ? ನಿಜವಾಗ್ಲೂ ನೋವಿತ್ತೋ, ಇಲ್ಲ ಅದೂ ಕೈತಪ್ಪಿ ಬಂದಿದ್ದೋ?"

ಒಂದೇ ದಿನಕ್ಕೆ ಎರಡು ಸುಳ್ಳು ಒಪ್ಪಿಕೊಳ್ಳುವ ಧೈರ್ಯ ರಾಯರಿಗಿರಲಿಲ್ಲ. "ನಿಜವಾಗ್ಲೂ ನೋವು" ಎಂದು ಲೋಟ ಎತ್ತಿದರು.

"ಅಪ್ಪಾ, ಸುಮ್ನೆ ಯಾಕೆ ಕೂತಿದ್ದೀಯ?" ಎಂದಳು ಮಗಳು, ಕಾಲಿನ ತುಂಡಿಗೆ ಬಾಯಿ ಹಾಕುತ್ತ. "ಕೋಳಿಗಳಿಗೆ ಬರೋ ರೋಗ ಯಾವ್ಯಾವು ಅಂತ ಹೇಳ್ತಾ ಇರು. ನಾವು ತಿಂತಾ ಇರ್ತೀವಿ."

ರಾಯರು ಬಿಸಿನೀರು ಗುಟುಕರಿಸಿ, ಒಂದೊಂದಾಗಿ ಹೇಳತೊಡಗಿದರು.