ಕಾರಿಗೆ ಕೂರಿಸಿದ ಹಾರ್ಮೋನಿಯಂ ಗುಂಡಿ

ಯಂತ್ರಗಳ ವಿಷಯದಲ್ಲಿ ನನಗೆ ಹುಟ್ಟಿನಿಂದಲೇ ಒಂದು ಕೈಗುಣ ಇದೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಬೆಳ್ತಂಗಡಿಯ ನನ್ನ ಬಟ್ಟೆ ಅಂಗಡಿಯ ಜಗಲಿಯಲ್ಲಿ ಕೂರುವ ಟೈಲರನ ಹೊಲಿಗೆ ಮಿಷನ್ ಒಮ್ಮೆ ಕೆಟ್ಟು ನಿಂತಿತು. ನಾನು ಅದನ್ನು ಪೂರ್ತಿ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಮತ್ತೆ ಜೋಡಿಸಿದೆ. ಅದು ಓಡಿತು! ಕೊನೆಗೆ ಒಂದು ಸ್ಪ್ರಿಂಗ್ ನನ್ನ ಕೈಯಲ್ಲಿ ಉಳಿದದ್ದು ನಿಜ. ಆದರೆ ಸ್ಪ್ರಿಂಗ್ ಇಲ್ಲದೆಯೂ ಮಿಷನ್ ಓಡುತ್ತದೆ ಎಂದಾದರೆ, ಅದನ್ನು ಮಾಡಿದವರೇ ತಪ್ಪಿ ಒಂದು ಹೆಚ್ಚು ಹಾಕಿರಬೇಕಲ್ಲವೇ?

ಇಂಥ ಅನುಭವಸ್ಥನ ಕೈಗೆ ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಹಳೆಯ ಕಾರು ಬಂತು. ಅದರ ಹಿಂದಿನ ಯಜಮಾನರು ಚಾರ್ಮಾಡಿ ಘಾಟಿಯ ಮೇಲಿನವರು. ಘಾಟಿಯನ್ನು ಒಂದೇ ಉಸಿರಿಗೆ ಹತ್ತಬೇಕೆಂದು ಅವರು ಇಂಜಿನನ್ನು ‘ಟ್ಯೂನ್’ ಮಾಡಿಸಿ, ಯಾವುದೋ ದೊಡ್ಡ ವಾಹನದ ಕಾರ್ಬುರೇಟರನ್ನು ತಂದು ಕೂರಿಸಿದ್ದರು. ಇಂಜಿನಿಗೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಉಣಿಸುವುದು ಈ ಕಾರ್ಬುರೇಟರಿನ ಕೆಲಸ. ಗುಬ್ಬಿಗೆ ಆನೆಯ ಹೊಟ್ಟೆ ಇಟ್ಟ ಹಾಗಾಗಿತ್ತು. ಓಡುವಾಗ ಕಾರಿಗೆ ಎದುರಿಲ್ಲ. ನಿಂತರೆ ಮಾತ್ರ ಕಷ್ಟ.

ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಇಂಜಿನ್ ಆರದೆ, ನಿಂತಲ್ಲೇ ಮೆಲ್ಲಗೆ ಓಡುತ್ತಿರಬೇಕು. ಅದಕ್ಕೆ ಐಡ್ಲಿಂಗ್ ಎನ್ನುತ್ತಾರೆ. ನನ್ನ ಕಾರಿಗೆ ಆ ವಿದ್ಯೆ ತಿಳಿದಿರಲಿಲ್ಲ. ದನ ಅಡ್ಡ ಬಂದರೆ ಆಫ್. ಪರಿಚಯದವರು ಸಿಕ್ಕಿ ಮಾತಾಡಿಸಿದರೆ ಆಫ್. ಬ್ಯಾಟರಿಯೂ ಮುದಿಯಾದ್ದರಿಂದ ಪ್ರತಿ ಸಲವೂ ನಾನು ಇಳಿದು, ಪಂಚೆ ಎತ್ತಿ ಕಟ್ಟಿ, ಎದುರಿಗೆ ಹೋಗಿ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಹೀಗಾಗಿ ಸಂತೆಕಟ್ಟೆಯಲ್ಲಿ ಗೆಳೆಯರು ಕೈ ಬೀಸಿದರೂ ನಾನು ನಿಲ್ಲಿಸದೆ ಹೋಗುತ್ತಿದ್ದೆ. ಕಾರು ಬಂದ ಮೇಲೆ ಇವನಿಗೆ ಅಹಂಕಾರ ಬಂದಿದೆ ಎಂದು ಊರೆಲ್ಲ ಸುದ್ದಿಯಾಯಿತು.

ಬಂಟ್ವಾಳದ ಮೆಕ್ಯಾನಿಕ್ ನೋಡಿ, ಈ ಕಾರ್ಬುರೇಟರನ್ನು ತೆಗೆದು ಹಳೆಯ ಮಾದರಿಯದ್ದನ್ನೇ ಹಾಕಿಸಿ ಎಂದ. ನಾನು ಒಪ್ಪಲಿಲ್ಲ. ಘಾಟಿ ಹತ್ತುವ ಕಾರನ್ನು ಸಾಮಾನ್ಯ ಕಾರು ಮಾಡುವುದೇ? ನಾನು ಘಾಟಿಗೆ ಒಮ್ಮೆಯೂ ಹೋಗಿರಲಿಲ್ಲ, ಅದು ಬೇರೆ ಮಾತು.

ಕಾರ್ಬುರೇಟರಿನ ಬದಿಯಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಬಿಗಿ ಮಾಡಿದರೆ ಐಡ್ಲಿಂಗ್ ಜೋರು, ಸಡಿಲ ಮಾಡಿದರೆ ನಿಧಾನ. ಒಂದು ಭಾನುವಾರ ಅದನ್ನು ನಾನೇ ತಿರುಗಿಸಿದೆ. ಸ್ವಲ್ಪ ಬಿಗಿ ಮಾಡಿದಾಗ ಇಂಜಿನ್ ಎಷ್ಟು ಕಿರುಚಿತೆಂದರೆ ಪಕ್ಕದ ಮನೆಯ ವಾಸು ಮಾಸ್ಟ್ರು ಹಾರ್ಮೋನಿಯಂ ನುಡಿಸುವುದನ್ನು ನಿಲ್ಲಿಸಿ ಹೊರಗೆ ಬಂದರು. ಸ್ವಲ್ಪ ಸಡಿಲ ಮಾಡಿದರೆ ಸದ್ದೇ ಇಲ್ಲ. ಕಿರುಚಾಟಕ್ಕೂ ಮೌನಕ್ಕೂ ನಡುವೆ ಇನ್ನೊಂದು ಸ್ಥಿತಿಯೇ ಇರಲಿಲ್ಲ.

ವಾಸು ಮಾಸ್ಟ್ರು ಶಾಲೆಯಲ್ಲಿ ಸಮಾಜ ಪಾಠ ಮಾಡುವವರು. ಹಾಗಾಗಿ ವಿಜ್ಞಾನದಲ್ಲಿ ಅವರಿಗೆ ಅಪಾರ ಧೈರ್ಯ.

“ಒಂದೇ ಅಳತೆಯಲ್ಲಿ ಬಿಟ್ಟರೆ ಆಗುವುದಿಲ್ಲ ಮಾರಾಯ್ರೆ,” ಎಂದರು. “ಹಾರ್ಮೋನಿಯಂ ನೋಡಿ. ಗಾಳಿ ಹೆಚ್ಚು ಬೇಕಾದರೆ ಗುಂಡಿ ಎಳೆಯುವುದು, ಬೇಡದಿದ್ದರೆ ದೂಡುವುದು. ಇದಕ್ಕೂ ಹಾಗೆ ಒಂದು ಗುಂಡಿ ಇಡುವ. ಕೂತಲ್ಲಿಂದಲೇ ಎಳೆಯಬಹುದು.”

ನನ್ನ ತಲೆಯೊಳಗೆ ದೀಪ ಹತ್ತಿತು. ಇಬ್ಬರೂ ಊಟ ಬಿಟ್ಟು ಕೂತೆವು. ನನ್ನ ಹಳೆಯ ಸೈಕಲಿನ ಬ್ರೇಕ್ ವೈರನ್ನು ಕಾರ್ಬುರೇಟರಿಗೆ ಕಟ್ಟಿ, ಸ್ಟಿಯರಿಂಗ್ ಪಕ್ಕದಲ್ಲಿ ತೂತು ಕೊರೆದು ಒಳಗೆ ತಂದೆವು. ಮಾಸ್ಟ್ರು ತಮ್ಮ ಹಳೆಯ ಹಾರ್ಮೋನಿಯಂನಿಂದ ಒಂದು ಬಿಳಿ ಗುಂಡಿಯನ್ನು ಕಿತ್ತು ಕೊಟ್ಟರು. ಅದನ್ನು ವೈರಿನ ತುದಿಗೆ ಅಂಟಿಸಿದೆವು. ಗುಂಡಿ ಎಳೆದರೆ ಐಡ್ಲಿಂಗ್ ಏರುತ್ತದೆ, ದೂಡಿದರೆ ಇಳಿಯುತ್ತದೆ. ಕಾರು ಅಂಗಳದಲ್ಲಿ ನಿಂತು, ತೃಪ್ತಿಯಾಗಿ ಉಂಡವರು ಗೊರಕೆ ಹೊಡೆಯುವಂತೆ ಸದ್ದು ಮಾಡಿತು. ಮಾಸ್ಟ್ರಿಗೆ ಕಣ್ಣು ತುಂಬಿ ಬಂತು. ನನಗೂ ಬಂತು, ಆದರೆ ನನ್ನದು ಹೊಗೆಯಿಂದ.

ನನ್ನ ಹೆಂಡತಿ ಸುಮತಿ ಅಂಗಳ ಗುಡಿಸಲು ಬಂದವಳು ನೆಲದಿಂದ ಏನನ್ನೋ ಹೆಕ್ಕಿದಳು.

“ಈ ಸ್ಕ್ರೂ ಕಾರಿನದ್ದಾ?”

“ಹೌದು. ಅದು ಇನ್ನು ಬೇಡ. ಗುಂಡಿ ಉಂಟಲ್ಲ?”

“ಹೊಲಿಗೆ ಮಿಷನಿನ ಸ್ಪ್ರಿಂಗ್ ಕೂಡ ಬೇಡ ಅಂತ ಹೇಳಿದ್ದಿರಿ. ಟೈಲರ್ ಈಗಲೂ ನೇರ ಹೊಲಿಗೆ ಹಾಕಲಿಕ್ಕೆ ಆಗುವುದಿಲ್ಲ ಅಂತ ಹೇಳ್ತಾನೆ.”

“ಅದು ಅವನ ಕಣ್ಣಿನ ದೋಷ,” ಎಂದೆ.

ಆ ವಾರವೇ ಮೂಡಬಿದ್ರೆಯಿಂದ ಅತ್ತೆ ನಮ್ಮ ಮನೆಗೆ ಬರುವುದೆಂದಾಗಿತ್ತು. ನಾವು ಹೊಸ ಬಾಡಿಗೆ ಮನೆಗೆ ಬಂದ ಮೇಲೆ ಅವರು ಬರುವುದು ಅದೇ ಮೊದಲು. ಅತ್ತೆಗೆ ಆಗ ವ್ರತ. ದಿನಕ್ಕೆ ಒಂದೇ ಊಟ, ಅದೂ ಸೂರ್ಯ ಮುಳುಗುವ ಮೊದಲು. ಮುಳುಗಿದ ಮೇಲೆ ಒಂದು ಗುಟುಕು ನೀರೂ ಇಲ್ಲ. ನಮ್ಮ ಜೈನರಲ್ಲಿ ಹಿರಿಯರು ಇದನ್ನು ಬಹಳ ಕಟ್ಟುನಿಟ್ಟಾಗಿ ನಡೆಸುತ್ತಾರೆ. ಮಧ್ಯಾಹ್ನದವರೆಗೆ ಬಸದಿಯಲ್ಲಿ ಪೂಜೆ ಇದೆ, ಆ ಮೇಲೆ ಹೊರಟು ಬಂದು ಆ ದಿನದ ಒಂದೇ ಊಟವನ್ನು ಮಗಳ ಹೊಸ ಮನೆಯಲ್ಲೇ ಉಣ್ಣುತ್ತೇನೆ ಎಂದು ಹೇಳಿ ಕಳಿಸಿದ್ದರು. ಸುಮತಿ ಮೂರು ದಿನಗಳಿಂದ ಅದೊಂದನ್ನೇ ಮಾತಾಡುತ್ತಿದ್ದಳು.

“ಅಮ್ಮ ಬಸ್ಸಿನಲ್ಲಿ ಬರಲಿ,” ಎಂದಳು. “ಬಸ್ಸು ಸರಿಯಾದ ಹೊತ್ತಿಗೆ ಬರ್ತದೆ.”

“ಮನೆಯಲ್ಲಿ ಕಾರು ಇಟ್ಟುಕೊಂಡು ಅತ್ತೆಯನ್ನು ಬಸ್ಸಿನಲ್ಲಿ ನಿಲ್ಲಿಸುವುದಾ? ನಾನು ಹೋಗಿ ಕರ್ಕೊಂಡು ಬರ್ತೇನೆ. ಬಸ್ಸಿಗಿಂತ ಮೊದಲೇ ಬರ್ತೇವೆ.”

ಸುಮತಿ ನನ್ನ ಮುಖ ನೋಡಿದಳು. “ಸೂರ್ಯ ನಿಮಗೋಸ್ಕರ ಕಾಯುವುದಿಲ್ಲ, ನೆನಪಿರಲಿ,” ಎಂದಳು.

ಹೋಗುವಾಗ ಕಾರು ಮದುಮಗನ ಹಾಗೆ ಹೋಯಿತು. ಮೂಡಬಿದ್ರೆಯ ಪೇಟೆಯಲ್ಲಿ ನಿಲ್ಲಿಸಿ, ಇಂಜಿನ್ ಆರಿಸದೆ, ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಹದ ಮಾಡುತ್ತ ಕೂತೆ. ಅತ್ತೆ ಕೈಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕೂತರು. ನಾನು ಅವರಿಗೆ ಗುಂಡಿಯ ಮಹಿಮೆಯನ್ನು ವಿವರಿಸಿದೆ. “ಒಳ್ಳೆಯದಾಯ್ತು,” ಎಂದರು ಅತ್ತೆ. ಅವರು ನನ್ನ ಬಗ್ಗೆ ಯಾವತ್ತೂ ಕೆಟ್ಟ ಮಾತು ಆಡಿದವರಲ್ಲ. ಮದುವೆಯಲ್ಲಿ ನಾನು ಕನ್ನಡಕ ಮರೆತು, ಹಾರ ಹಿಡಿದುಕೊಂಡು ಸುಮತಿಯ ಅಕ್ಕನ ಎದುರು ಹೋಗಿ ನಿಂತಾಗಲೂ, “ಪಾಪ, ಸೆಕೆ ಜಾಸ್ತಿ ಉಂಟು” ಎಂದಷ್ಟೇ ಹೇಳಿದ್ದರು.

ವೇಣೂರು ಹತ್ತಿರ ಬರುವಾಗ ಒಂದು ಏರು. ಗುಂಡಿಯನ್ನು ಸ್ವಲ್ಪ ಎಳೆದೆ. ಏರು ಮುಗಿದ ಮೇಲೆ ದೂಡಿದೆ. ಹೋಗಲಿಲ್ಲ. ಇಂಜಿನಿನ ಬಿಸಿಗೆ ಸೈಕಲ್ ವೈರು ಒಳಗೆಲ್ಲೋ ಕಚ್ಚಿಕೊಂಡಿತ್ತು. ಗಟ್ಟಿಯಾಗಿ ಎಳೆದು ದೂಡುವ ಎಂದು ಎಳೆದೆ. ವೈರು ಪೂರ್ತಿ ಬಂದು ಅಲ್ಲೇ ಕೂತಿತು. ಗುಂಡಿ ಕಿತ್ತು ನನ್ನ ಕೈಗೆ ಬಂತು!

ಇಂಜಿನ್ ಬೊಬ್ಬೆ ಹಾಕತೊಡಗಿತು. ಕಾಲು ತೆಗೆದರೂ ಓಡುತ್ತದೆ, ಬ್ರೇಕ್ ಒತ್ತಿದರೆ ಮುನಿಸಿಕೊಂಡು ಓಡುತ್ತದೆ. ನಿಲ್ಲಬಾರದು ಎಂದು ಬೇಡಿಕೊಂಡಿದ್ದ ನನಗೆ ಪೂರ್ಣ ವರ ಸಿಕ್ಕಿತ್ತು.

“ಸ್ವಲ್ಪ ನಿಲ್ಲಿಸಿ, ಗೊಮ್ಮಟನಿಗೆ ಕೈ ಮುಗಿದು ಹೋಗುವ,” ಎಂದರು ಅತ್ತೆ.

“ನಿಲ್ಲಿಸಿದರೆ ನಿಂತೇ ಬಿಡ್ತದೆ ಅತ್ತೆ. ಕೂತಲ್ಲಿಂದಲೇ ಮುಗೀರಿ.”

ಅವರು ಕೈ ಜೋಡಿಸುವಷ್ಟರಲ್ಲಿ ವೇಣೂರು ಹಿಂದೆ ಹೋಗಿತ್ತು. ಅತ್ತೆ ತಿರುಗಿ, ಹಿಂದಿನ ಗಾಜಿನಿಂದ ನೋಡಿ ಮುಗಿದರು. “ಬೇಗ ಹೋಗ್ತದೆ ಅಲ್ವಾ,” ಎಂದರು. ಅದರಲ್ಲಿ ದೂರು ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಗುರುವಾಯನಕೆರೆಯ ಸರ್ಕಲಿನಲ್ಲಿ ಒಂದು ಬಸ್ಸು ರಸ್ತೆಗೆ ಅಡ್ಡವಾಗಿ ತಿರುಗುತ್ತಿತ್ತು. ಬೇರೆ ದಾರಿ ಕಾಣದೆ ಬ್ರೇಕ್ ಒತ್ತಿ ಕೀ ತಿರುಗಿಸಿದೆ. ಕಾರು ಮುಗ್ಗರಿಸಿ, ಕೆಮ್ಮಿ, ಅಶ್ವತ್ಥ ಕಟ್ಟೆಯ ಹತ್ತಿರ ಆಫ್ ಆಯಿತು. ಬೆಳ್ತಂಗಡಿಗೆ ಇನ್ನು ಮೂರೇ ಕಿಲೋಮೀಟರ್. ಬಿಸಿಲು ಇನ್ನೂ ಚೆನ್ನಾಗಿತ್ತು. ನಾನು ಬಾನೆಟ್ ಎತ್ತಿ, ಇಕ್ಕಳದಿಂದ ವೈರನ್ನು ಎಳೆದೆ. ತುಂಡಾಗಿ ಬಂತು. ಒಳ್ಳೆಯದೇ ಆಯಿತು ಎಂದುಕೊಂಡವನಿಗೆ ಆ ಮೇಲೆ ನೆನಪಾಯಿತು. ಗುಂಡಿಯೂ ಇಲ್ಲ, ಹಳೆಯ ಸ್ಕ್ರೂವೂ ಇಲ್ಲ! ಇನ್ನು ಯಾರಾದರೂ ಆಕ್ಸಿಲರೇಟರ್ ಒತ್ತಿ ಹಿಡಿದರೆ ಮಾತ್ರ ಇಂಜಿನ್ ಬದುಕುತ್ತದೆ. ನಾನು ಎದುರಿನಲ್ಲಿ ಹ್ಯಾಂಡಲ್ ತಿರುಗಿಸಬೇಕು. ಒತ್ತುವವರು ಯಾರು?

ಕಟ್ಟೆಯ ಮೇಲೆ ಕೂತಿದ್ದವರು ಆಗಲೇ ಕುತ್ತಿಗೆ ಚಾಚುತ್ತಿದ್ದರು. ಅವರನ್ನು ಕರೆದರೆ ಮರ್ಯಾದೆ ಹೋಗುತ್ತದೆ. ಊರಿನಲ್ಲಿ ನನಗೆ ಅಹಂಕಾರಿ ಎಂಬ ಹೆಸರು ಬೇರೆ ಇತ್ತಲ್ಲ, ಅದನ್ನಾದರೂ ಉಳಿಸಿಕೊಳ್ಳಬೇಕಿತ್ತು.

“ಅತ್ತೆ,” ಎಂದೆ ಮೆಲ್ಲಗೆ, “ನೀವು ಒಮ್ಮೆ ಎದುರಿನ ಸೀಟಿಗೆ ಬರ್ತೀರಾ? ಈ ಬಲಗಡೆಯದ್ದನ್ನು ಕಾಲಲ್ಲಿ ಒತ್ತಿ ಹಿಡಿದರೆ ಸಾಕು.”

ಬೆಳಗಿನಿಂದ ಉಪವಾಸವಿದ್ದ ಅತ್ತೆ ಸೆರಗು ಸರಿ ಮಾಡಿಕೊಂಡು, ಸ್ಟಿಯರಿಂಗಿನ ಹಿಂದೆ ಬಂದು ಕೂತರು. ನಾನು ಹ್ಯಾಂಡಲ್ ತಿರುಗಿಸಿದೆ. ಇಂಜಿನ್ ಒಮ್ಮೆಲೇ ಗರ್ಜಿಸಿತು. ಅತ್ತೆ ಹೆದರಿ ಕಾಲು ತೆಗೆದರು. ಆಫ್. ಮತ್ತೆ ತಿರುಗಿಸಿದೆ. ಗರ್ಜನೆ, ಕಾಲು, ಆಫ್. ನಾಲ್ಕೈದು ಸಲ ಹೀಗಾದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದರು.

“ನಾನು ಕಾಲು ತೆಗೆದ ಕೂಡಲೇ ಇದು ಸಾಯ್ತದೆ. ವ್ರತದ ದಿನ ನನ್ನ ಕಾಲಿನಿಂದ ಇಷ್ಟು ಸಲ ಆಗುವುದು ಬೇಡ. ಮನಸ್ಸಿಗೆ ಒಂಥರಾ ಆಗ್ತದೆ.”

“ಇದಕ್ಕೆ ಜೀವ ಇಲ್ಲ ಅತ್ತೆ.”

“ಇಲ್ಲದಿದ್ದರೆ ನೀವು ಯಾಕೆ ಇಷ್ಟು ಉಪಚಾರ ಮಾಡ್ತಿದ್ದೀರಿ?”

ನಾನು ಮತ್ತೆ ಹ್ಯಾಂಡಲಿಗೆ ಕೈ ಹಾಕಿದೆ. ಅತ್ತೆ ಒಂದು ಸಲ ಗಟ್ಟಿ ಮನಸ್ಸು ಮಾಡಿ ಒತ್ತಿ ಹಿಡಿದರು. ಇಂಜಿನ್ ಓಡಿತು! ಆಗ ಹೊಸ ಸಮಸ್ಯೆ. ಅವರು ಕಾಲು ತೆಗೆಯದೆ ಸೀಟಿನಿಂದ ಏಳುವಂತಿಲ್ಲ. ಅವರು ಏಳದೆ ನಾನು ಕೂರುವಂತಿಲ್ಲ. ನಮ್ಮ ಕಡೆ ಅಳಿಯ ಅತ್ತೆಯ ಎದುರು ಕುರ್ಚಿಯಲ್ಲಿ ಕೂರಲಿಕ್ಕೂ ಹಿಂಜರಿಯುತ್ತಾನೆ. ಅಂಥದ್ದರಲ್ಲಿ ಗುರುವಾಯನಕೆರೆಯ ಸರ್ಕಲಿನಲ್ಲಿ, ನಾಲ್ಕು ಜನ ನೋಡುತ್ತಿರುವಾಗ, ಅತ್ತೆಯ ಕಾಲಿನ ಮೇಲೆ ನನ್ನ ಕಾಲು ಇಟ್ಟು ಪಕ್ಕದಲ್ಲಿ ತೂರಿಕೊಳ್ಳುವುದೇ? ನಾನು ಬಾಗಿಲು ಹಿಡಿದು ನಿಂತೆ. ಅತ್ತೆ ಒತ್ತಿಕೊಂಡು ಕೂತರು. ಕಾರು ನಿಂತಲ್ಲೇ ಹೊಗೆಯುಗುಳಿತು. ಕೊನೆಗೆ ಅವರ ಕಾಲು ಸೋತಿತು.

ಆಮೇಲೆ ಮರ್ಯಾದೆಯನ್ನು ಬದಿಗಿಟ್ಟು ಕಟ್ಟೆಯವರನ್ನು ಕರೆದೆ. ಅವರು ಖುಷಿಯಿಂದ ತಳ್ಳಿದರು. ಅಷ್ಟರಲ್ಲಿ ಇಂಜಿನ್ ಹೊಟ್ಟೆ ಬಿರಿಯುವಷ್ಟು ಪೆಟ್ರೋಲ್ ಕುಡಿದಾಗಿತ್ತು, ಬ್ಯಾಟರಿಯೂ ಮಲಗಿತ್ತು. ರಸ್ತೆಯ ಆ ತುದಿಯವರೆಗೆ ತಳ್ಳಿದರು, ಈ ತುದಿಗೆ ತಂದು ಬಿಟ್ಟರು. ಕಾರಿನಿಂದ ಒಂದು ಸೀನು ಕೂಡ ಬರಲಿಲ್ಲ.

ಬೆಳ್ತಂಗಡಿಗೆ ಹೋಗುವ ಬಸ್ಸೊಂದು ಬಂದು ನಿಂತಿತು. ಕಂಡಕ್ಟರ್ ನಮ್ಮ ಅಂಗಡಿಯ ಗಿರಾಕಿ.

“ಅಮ್ಮ, ಹತ್ತಿ. ಸೀಟು ಉಂಟು.”

“ಎರಡು ನಿಮಿಷ, ಅತ್ತೆ. ಈಗ ಆಗ್ತದೆ,” ಎಂದೆ ನಾನು. ಆ ಮಾತನ್ನು ಯಾಕೆ ಹೇಳಿದೆನೋ! ಬಸ್ಸು ಹೋಯಿತು. ನೆರಳುಗಳು ಉದ್ದವಾದವು. ನನ್ನ ಎರಡು ನಿಮಿಷ ಮುಗಿಯಲೇ ಇಲ್ಲ. ಇನ್ನೊಂದು ಬಸ್ಸು ಬಂದಾಗ ನಾನೇ ಓಡಿ ಹೋಗಿ ಬಾಗಿಲು ಹಿಡಿದೆ.

“ಅತ್ತೆ, ದಮ್ಮಯ್ಯ, ನೀವು ಇದರಲ್ಲಿ ಹೋಗಿ. ಸುಮತಿ ಅಡಿಗೆ ಮಾಡಿ ಕಾಯ್ತಿದ್ದಾಳೆ. ಹೊತ್ತು ಮುಳುಗ್ತದೆ.”

ಅತ್ತೆ ಕದಲಲಿಲ್ಲ. ಬಸ್ಸಿನವರಿಗೆ ಕೇಳುವ ಹಾಗೆ, “ಅಳಿಯ ಕಾರು ತಂದಿದ್ದಾರೆ. ಅವರೇ ಕರ್ಕೊಂಡು ಹೋಗ್ತಾರೆ,” ಎಂದರು. ಬಸ್ಸು ಹೋದ ಮೇಲೆ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: “ನಿಮ್ಮನ್ನು ರಸ್ತೆಯಲ್ಲಿ ಒಬ್ಬರನ್ನೇ ಬಿಟ್ಟು ನಾನು ಬಸ್ಸು ಹತ್ತಿದರೆ ಇವರೆಲ್ಲ ನಗುವುದಿಲ್ವಾ? ಒಂದು ದಿನ ಊಟ ಇಲ್ಲದಿದ್ದರೆ ನನಗೆ ಎಂತ ಆಗುವುದಿಲ್ಲ.”

ನನಗೆ ಅಲ್ಲೇ ಕೂತು ಅಳಬೇಕೆನ್ನಿಸಿತು. ಹಾರ್ಮೋನಿಯಂ ಗುಂಡಿಗಾಗಿ ನಾನು ಒಬ್ಬ ಹಿರಿಯ ಹೆಂಗಸಿನ ದಿನದ ಒಂದೇ ಊಟವನ್ನು ಕಸಿದುಕೊಂಡಿದ್ದೆ. ಅವರೋ, ನನ್ನ ಮಾನಕ್ಕಾಗಿ ಅದನ್ನು ಬಿಡಲು ತಯಾರಾಗಿದ್ದರು.

ಸೂರ್ಯ ತೆಂಗಿನ ಮರಗಳ ತಲೆಯ ಮಟ್ಟಕ್ಕೆ ಇಳಿದಾಗ ಬೆಳ್ತಂಗಡಿ ಕಡೆಯಿಂದ ಒಂದು ಬಸ್ಸು ಬಂತು. ಅದರಿಂದ ಸುಮತಿ ಇಳಿದಳು. ಒಂದು ಕೈಯಲ್ಲಿ ಟಿಫಿನ್ ಕ್ಯಾರಿಯರ್, ಇನ್ನೊಂದರಲ್ಲಿ ಬಟ್ಟೆಯಲ್ಲಿ ಸೋಸಿದ ನೀರಿನ ಕೂಜ. ಮೊದಲಿನ ಬಸ್ಸಿನ ಕಂಡಕ್ಟರ್ ನಮ್ಮ ಮನೆಯ ಎದುರು ಬಸ್ಸು ನಿಲ್ಲಿಸಿ ಸುದ್ದಿ ಹೇಳಿ ಹೋಗಿದ್ದನಂತೆ. ಅವಳು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ಯಲು ಹೊತ್ತಿರಲಿಲ್ಲ ಅಷ್ಟೆ.

“ಅಮ್ಮ, ಬೇಗ ಕೈ ತೊಳೀರಿ. ಬೆಳಕು ಉಂಟು ಇನ್ನೂ.”

ಅತ್ತೆ ಹಿಂದಿನ ಸೀಟಿನಲ್ಲಿ ಕೂತು, ಬಟ್ಟಲನ್ನು ಮಡಿಲಿನಲ್ಲಿಟ್ಟು ಉಂಡರು. ಅನ್ನ, ಸೌತೆಕಾಯಿ ಹುಳಿ, ಹೆಸರುಬೇಳೆ ಪಾಯಸ, ಮಜ್ಜಿಗೆ. ನಾನು ಕೂಜ ಹಿಡಿದು ಬಾಗಿಲ ಬಳಿ ನಿಂತೆ. ಕಟ್ಟೆಯವರು ಆ ಕಡೆ ಮುಖ ತಿರುಗಿಸಿ ಕೂತರು. ಕಾರು ಕಲ್ಲಿನಂತೆ ನಿಂತಿತ್ತು. ತುಂಬಿದ ಲೋಟದ ಮಜ್ಜಿಗೆ ಒಂದು ಹನಿ ತುಳುಕಲಿಲ್ಲ. ಅತ್ತೆ ಕೈ ತೊಳೆದು ಬಾಯಿ ಮುಕ್ಕಳಿಸುವುದಕ್ಕೂ ಹೊತ್ತು ಕಂತುವುದಕ್ಕೂ ಸರಿಹೋಯಿತು.

“ಎಷ್ಟು ಚೆಂದ ಮಾಡಿದ್ದಿ,” ಎಂದು ಅತ್ತೆ ಸುಮತಿಗೆ ಹೇಳಿದರು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಸ ಮನೆಯ ಊಟ ರಸ್ತೆಯಲ್ಲಾದರೂ ಆಯಿತಲ್ಲ ಎಂಬ ಸಮಾಧಾನ ಅವಳಿಗೆ.

ಕೊನೆಗೆ ಮನೆಗೆ ಹೋಗಲು ಮೂವರೂ ಬಸ್ಸು ಹತ್ತಬೇಕಾಯಿತು. ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ನಾನು ಕಾರಿನ ಸುತ್ತ ತಿರುಗಿ ಒಂದೊಂದೇ ಬಾಗಿಲಿಗೆ ಬೀಗ ಹಾಕುತ್ತಿದ್ದೆ.

ಅತ್ತೆ ಮೆಟ್ಟಿಲ ಮೇಲೆ ನಿಂತು ಕರೆದರು. “ಬೀಗ ಯಾಕೆ? ಬನ್ನಿ, ಹೋಗುವ. ಕದಿಯುವವನಿಗೂ ಅದು ಸ್ಟಾರ್ಟ್ ಆಗಬೇಕಲ್ಲ?”

ಇಡೀ ಬಸ್ಸು ನಕ್ಕಿತು. ನನ್ನ ಬಗ್ಗೆ ಯಾವತ್ತೂ ಕೆಟ್ಟ ಮಾತು ಆಡದ ಅತ್ತೆ ಆವತ್ತೂ ಆಡಲಿಲ್ಲ. ಅವರು ನಿಜ ಮಾತ್ರ ಹೇಳಿದ್ದರು. ಮರುದಿನ ಹೋಗಿ ನೋಡಿದರೆ ನಾಲ್ಕು ಬಾಗಿಲಿಗೂ ಬೀಗ ಹಾಕಿ, ಡ್ರೈವರ್ ಬದಿಯ ಗಾಜನ್ನು ಪೂರ್ತಿ ಇಳಿಸಿ ಬಿಟ್ಟು ಬಂದಿದ್ದೆ. ರಾತ್ರಿಯಿಡೀ ಕಾರು ಹಾಗೆಯೇ ತೆರೆದು ನಿಂತಿತ್ತು. ಆದರೂ ಯಾರೂ ಮುಟ್ಟಿರಲಿಲ್ಲ. ಸಮಾಧಾನಪಡಬೇಕಾದ ವಿಷಯವೇ. ಆದರೆ ಇಡೀ ಗುರುವಾಯನಕೆರೆಯಲ್ಲಿ ಒಬ್ಬ ಕಳ್ಳನಿಗೂ ನನ್ನ ಕಾರು ಬೇಡವಾಯಿತಲ್ಲ ಎಂದು ನನಗೆ ಸ್ವಲ್ಪ ಬೇಸರವೇ ಆಯಿತು.