ಆಯಿಲ್ ಫಿಲ್ಟರಿನ ಪ್ರದಕ್ಷಿಣೆ

ಕಾರಿನ ಎಣ್ಣೆ ಬದಲಾಯಿಸುವುದು ಕಷ್ಟದ ಕೆಲಸವಲ್ಲ. ಹಳೆಯ ಎಣ್ಣೆಯನ್ನು ಕೆಳಗಿನಿಂದ ಇಳಿಸಬೇಕು, ಹೊಸದನ್ನು ಮೇಲಿನಿಂದ ಸುರಿಯಬೇಕು. ನಡುವೆ ಆಯಿಲ್ ಫಿಲ್ಟರ್ ಎಂಬ ಎಣ್ಣೆ ಸೋಸುವ ಡಬ್ಬಿಯನ್ನು ಬಿಚ್ಚಿ, ಒಳಗಿನ ಕೊಳೆಯಾದ ಭಾಗವನ್ನು ಬದಲಿಸಬೇಕು. ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಕೈಪಿಡಿಗೆ ಇದನ್ನೆಲ್ಲ ಹೇಳಲು ಒಂದೂವರೆ ಪುಟ ಸಾಕಾಗಿತ್ತು. ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು. ಒಂದೂವರೆ ಪುಟಕ್ಕೆ ಹೆದರುವುದೇ!

ಕಾರಿನ ವಿಚಾರ ಮೊದಲು ಹೇಳಬೇಕು. ಅದು ನಮ್ಮ ಅತ್ತೆಯವರ ಹಠದಿಂದ ಮನೆಗೆ ಬಂದ ಕಾರು. ಹರಿಹರದಲ್ಲಿ ಅವರ ಅಕ್ಕ ಇದ್ದಾರೆ. ನಾನು ದೊಡ್ಡತ್ತೆ ಎನ್ನುತ್ತೇನೆ. ನನ್ನ ಮದುವೆಗೆ ಮುಂಚೆ ನಡೆದ ಯಾವುದೋ ಮದುವೆಯಲ್ಲಿ, ಅತ್ತೆಯವರು ಮುಹೂರ್ತ ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದಾಗ, ದೊಡ್ಡತ್ತೆ ಎಲ್ಲರೆದುರು, "ಪಾಪ, ಬಸ್ಸಿಗೆ ಬರೋರು, ಅಕ್ಕಿಕಾಳು ಬಿದ್ದ ಮ್ಯಾಲೇ ಬರ್ತಾರೆ" ಎಂದರಂತೆ. ಅತ್ತೆಯವರು ಊಟ ಮಾಡದೆ ಹಿಂದಿರುಗಿದರು. ಇನ್ನು ಅಕ್ಕನ ಬಾಗಿಲಲ್ಲಿ ಇಳಿದರೆ ಸ್ವಂತ ಕಾರಿನಿಂದಲೇ ಇಳಿಯುವುದು ಎಂದು ತೀರ್ಮಾನ ಹೊರಡಿಸಿದರು. ದಾವಣಗೆರೆಯಿಂದ ಹರಿಹರಕ್ಕೆ ಎಂಟೊಂಬತ್ತು ಮೈಲಿ. ಅದನ್ನು ದಾಟಲು ಅಕ್ಕತಂಗಿಯರಿಗೆ ಮೂರು ವರ್ಷ ಸಾಲದೆ ಹೋಯಿತು.

ನಮ್ಮವರು ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಾರೆ. ತಾಯಿಯ ಮಾತಿಗೆ ಕಟ್ಟುಬಿದ್ದು ಕೊನೆಗೊಂದು ಕಾರು ತಂದರು. ಅದೂ ಚರಿತ್ರೆಯಿಂದಲೇ ತಂದಂತಿತ್ತು. ಅಷ್ಟರಲ್ಲಿ ದೊಡ್ಡತ್ತೆಯ ಹೊಸ ಮನೆಯ ಗೃಹಪ್ರವೇಶ ಬಂತು. ಭಾನುವಾರ ಬೆಳಿಗ್ಗೆ. ಅತ್ತೆಯವರು ಇಲಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಗೆ ಹರವಿದರು. ಅಕ್ಕನಿಗೆ ಇಷ್ಟವೆಂದು ಒಗ್ಗರಣೆ ಮಂಡಕ್ಕಿಗೆ ಎಲ್ಲ ಹೊಂದಿಸಿದರು.

ಶನಿವಾರ ಮಧ್ಯಾಹ್ನ ನಾನು ಕೈಪಿಡಿ ತಿರುವಿ ಹಾಕಿದಾಗ, ನಮ್ಮ ಕಾರಿಗೆ ಎಣ್ಣೆ ಬದಲಾಯಿಸುವ ಕಾಲ ಎಂದೋ ಮೀರಿದೆಯೆಂದು ತಿಳಿಯಿತು. ನಮ್ಮ ಮೇಸ್ತ್ರಿ ರಹೀಂ ಸಾಬರು ಮಗಳ ಊರಿಗೆ ಹೋಗಿದ್ದರು. ದಾರಿಯಲ್ಲಿ ಕಾರು ನಿಂತರೆ ಅತ್ತೆಯವರ ಗತಿಯೇನು? ನಾನು ಈ ಮನೆಗೆ ಬಂದು ಆರು ತಿಂಗಳಾಗಿತ್ತು. ಆ ಆರು ತಿಂಗಳಲ್ಲಿ ಅವರೊಡನೆ ನಾನು ಆಡಿದ ಮಾತುಗಳಿಗಿಂತ ಅವರಿಗೆ ಬಡಿಸಿದ ರೊಟ್ಟಿಗಳೇ ಹೆಚ್ಚು. ನನ್ನ ಸ್ವಭಾವವೇ ಹಾಗೆ. ಬಾಯಲ್ಲಿ ಹೇಳಲಾಗದ ವಿಶ್ವಾಸವನ್ನು ಎಣ್ಣೆ ಬದಲಿಸಿ ತೋರಿಸೋಣವೆಂದುಕೊಂಡೆ.

ಮಂಡಿಪೇಟೆಗೆ ಹೋಗಿ ಎಣ್ಣೆಯನ್ನೂ ಫಿಲ್ಟರಿನ ಒಳಭಾಗವನ್ನೂ ತಂದುಕೊಟ್ಟ ನಮ್ಮವರು, ಕಾರಿನ ಮುಂದಿನ ಚಕ್ರಗಳನ್ನು ಕಲ್ಲುಚಪ್ಪಡಿಗಳ ಮೇಲೆ ಹತ್ತಿಸಿದರು. ಸೀರೆ ಉಟ್ಟ ಸೊಸೆ ಕಾರಿನ ಕೆಳಗೆ ಮಲಗಿರುವುದು ಬೀದಿಗೆ ಕಾಣಬಾರದೆಂದು ನಾನು ಸುತ್ತಲೂ ಹಳೆಯ ಚಾದರಗಳನ್ನು ಕಟ್ಟಿಸಿದೆ. ಆ ಚಾದರಗಳನ್ನು ಕಂಡೇ, ಅದುವರೆಗೆ ನಮ್ಮ ಮನೆಯತ್ತ ತಿರುಗಿ ನೋಡದವರೂ ನಿಂತು ನೋಡತೊಡಗಿದರು. ಮಾನ ಮುಚ್ಚಲು ನಾನು ಕೈಗೊಂಡ ಏರ್ಪಾಡು ಇಷ್ಟು ಯಶಸ್ವಿಯಾಯಿತು. ಚಾದರದಿಂದ ಹೊರಗುಳಿದ ನನ್ನ ಪಾದಗಳಿಗೆ ಬಿಸಿಲು ತಾಗದಂತೆ ನಮ್ಮವರು ಕೊಡೆ ಹಿಡಿದು ನಿಂತರು.

ಹಳೆಯ ಎಣ್ಣೆ ಸುಲಭವಾಗಿ ಇಳಿಯಿತು. ಕೈಗೆ ಸಿಕ್ಕ ಅಗಲವಾದ ಪರಾತವೊಂದರಲ್ಲಿ ಅದನ್ನು ಹಿಡಿದುಕೊಂಡೆ. ಗೆಲುವಿನ ನಗೆಯೊಂದು ನಕ್ಕು ಫಿಲ್ಟರಿನತ್ತ ತಿರುಗಿದೆ.

ಆ ಡಬ್ಬಿಯನ್ನು ಕೆಳಗಿನಿಂದ ಒಂದೇ ಒಂದು ಬೋಲ್ಟು ಹಿಡಿದಿತ್ತು. ಅದನ್ನು ಯಾವ ಕಡೆಗೆ ತಿರುಗಿಸಬೇಕೆಂದು ಕೈಪಿಡಿಯ ಚಿತ್ರದಲ್ಲಿ ಬಾಣದ ಗುರುತಿತ್ತು: ಗಡಿಯಾರದ ಮುಳ್ಳು ಸುತ್ತುವುದಕ್ಕೆ ವಿರುದ್ಧವಾಗಿ. ಬೇರೆ ಯಾರಾದರೂ ಆಗಿದ್ದರೆ ಹಾಗೆಯೇ ತಿರುಗಿಸುತ್ತಿದ್ದರು. ನಾನು ಯೋಚನೆ ಮಾಡಿದೆ. ಚಿತ್ರವನ್ನು ಮೇಲಿನಿಂದ ನೋಡಿ ಬರೆದಿದ್ದಾರೆ, ನಾನಿರುವುದು ಕೆಳಗೆ, ಆದಕಾರಣ ದಿಕ್ಕು ಬದಲಾಗತಕ್ಕದ್ದು. ಅಂದರೆ ಬಲಕ್ಕೆ, ಪ್ರದಕ್ಷಿಣೆಯಾಗಿ. ಶುಭಕಾರ್ಯಕ್ಕೆ ಹೊರಟ ಕಾರಿಗೆ ಅಪ್ರದಕ್ಷಿಣೆ ಮಾಡುವ ದೋಷವೂ ತಪ್ಪಿತು. ಭೌತಶಾಸ್ತ್ರವೂ ಮನೆಯ ಸಂಪ್ರದಾಯವೂ ಒಂದೇ ಮಾತು ಹೇಳಿದ್ದನ್ನು ಕಂಡು ನನಗೆ ಬಹಳ ಸಮಾಧಾನವಾಯಿತು.

ಪ್ರದಕ್ಷಿಣೆಯಾಗಿ ತಿರುಗಿಸಿದೆ. ಸ್ವಲ್ಪ ತಿರುಗಿ ನಿಂತಿತು. ಸ್ಪ್ಯಾನರಿಗೆ ನಲ್ಲಿಯ ಹಳೆಯ ಪೈಪು ಸಿಕ್ಕಿಸಿ, ನಮ್ಮವರನ್ನೂ ಒಳಗೆ ಕರೆದು, ಇಬ್ಬರೂ ಸೇರಿ ಎಳೆದೆವು. ಇನ್ನೂ ಒಂದು ಗೆರೆಯಷ್ಟು ತಿರುಗಿತು. ಅವರು, ಕೋಟೆಗಳೇ ಇದಕ್ಕಿಂತ ಬೇಗ ಬಿದ್ದಿವೆ ಎಂದರು.

ಜಗುಲಿಯ ಮೇಲೆ ಕುಳಿತು ಬತ್ತಿ ಹೊಸೆಯುತ್ತಿದ್ದ ಅತ್ತೆಯವರು ಎದ್ದು ಬಂದು ಚಾದರ ಸರಿಸಿ ಬಗ್ಗಿ ನೋಡಿದರು.

"ಶಾಂತವ್ವ, ಬಿಚ್ಚಬೇಕೋ, ಮುಚ್ಚಬೇಕೋ?"

"ಬಿಚ್ಚಬೇಕು ಅತ್ತೆ."

"ಮತ್ತೆ ಬಲಕ್ಕೆ ಯಾಕ ತಿರುವ್ತಿ? ಡಬ್ಬಿ ಮುಚ್ಚಳ ಎಡಕ್ಕೆ ತಿರುವಿದ್ರೆ ಬಿಚ್ಕೊಳ್ತೈತೆ."

ಚಿತ್ರದ ನೋಟ, ನನ್ನ ನೋಟ, ಎರಡರ ಪರಸ್ಪರ ಸಂಬಂಧ, ಇವೆಲ್ಲವನ್ನೂ ನಾನು ಕಾರಿನ ಕೆಳಗಿನಿಂದಲೇ ವಿನಯಪೂರ್ವಕ ವಿವರಿಸಿದೆ. ಆರು ತಿಂಗಳಲ್ಲಿ ಅವರೊಡನೆ ನಾನಾಡಿದ ಅತಿ ದೀರ್ಘವಾದ ಮಾತು ಅದು. ಅವರು ಪೂರ್ತಿ ಕೇಳಿ, "ಓದಿದಾಕಿ. ಇರಬಹುದು" ಎಂದು ಜಗುಲಿಗೆ ಹೋದರು.

ಮತ್ತೆ ಎಳೆದೆವು. ಬೋಲ್ಟಿನ ಮೂಲೆಗಳು ಸವೆದು ಅದು ಗುಂಡಗಾಯಿತು. ಇನ್ನು ಸ್ಪ್ಯಾನರಿಗೆ ಹಿಡಿತವೇ ಇಲ್ಲ. ಆಗ ನನ್ನ ಬುದ್ಧಿಗೆ ಇನ್ನೊಂದು ಸಿದ್ಧಾಂತ ಹೊಳೆಯಿತು: ಡಬ್ಬಿಗೆ ಸ್ಕ್ರೂಡ್ರೈವರ್ ಚುಚ್ಚಿ, ಅದನ್ನೇ ಹಿಡಿಯಾಗಿ ಮಾಡಿಕೊಂಡು ತಿರುಗಿಸುವುದು. ಚುಚ್ಚುವ ಭಾಗ ನಿರ್ವಿಘ್ನವಾಗಿ ನೆರವೇರಿತು. ಡಬ್ಬಿಯಲ್ಲಿ ಉಳಿದಿದ್ದ ಎಣ್ಣೆಯೆಲ್ಲ ನನ್ನ ಮುಖ, ಜಡೆ, ಮುಂಗೈಗಳ ಮೇಲೆ ಇಳಿಯಿತು. ಫಿಲ್ಟರ್ ಮಾತ್ರ ಇದ್ದಲ್ಲೇ ಇತ್ತು.

ಕಣ್ಣು ಒರೆಸಿಕೊಂಡು ಮತ್ತೆ ಕೈಪಿಡಿ ನೋಡಿದೆ. ಅಲ್ಲಿಯವರೆಗೆ ನನ್ನ ಹೆಬ್ಬೆರಳು ಮುಚ್ಚಿದ್ದ ಜಾಗದಲ್ಲಿ, ಚಿತ್ರದ ಅಡಿಯಲ್ಲಿ, ಒಂದು ಸಾಲಿತ್ತು: ಇದು ಕಾರಿನ ಕೆಳಗೆ ಮಲಗಿದವರಿಗೆ ಕಾಣುವ ನೋಟ.

ಎರಡು ಗಂಟೆಯ ಕಾಲ ನಾವಿಬ್ಬರೂ ಆ ಬೋಲ್ಟನ್ನು ಭದ್ರಪಡಿಸುತ್ತಿದ್ದೆವು.

ನಮ್ಮವರು ಸೈಕಲ್ಲಿನಲ್ಲಿ ಊರೆಲ್ಲ ಸುತ್ತಿ ಬಂದರು. ತೂತು ಬಿದ್ದ ಡಬ್ಬಿಯ ವರ್ಣನೆ ಕೇಳಿದ ಯಾವ ಮೇಸ್ತ್ರಿಯೂ ಸೋಮವಾರಕ್ಕೆ ಮುಂಚೆ ಬರಲು ಒಪ್ಪಲಿಲ್ಲ. ಅತ್ತೆಯವರು ಹರವಿದ್ದ ಸೀರೆಯನ್ನು ಮಡಿಸತೊಡಗಿದರು. ಒಂದೊಂದು ಮಡಿಕೆಯೂ ನನ್ನ ಎದೆಯ ಮೇಲೆ ಬಿದ್ದಂತಾಯಿತು.

"ಬಿಡು. ಶಿವನಿಗೆ ಮನಸಿಲ್ಲ. ಮಂಡಕ್ಕಿನಾದ್ರೂ ಒಗ್ಗರಣೆ ಹಾಕಿ ನಾವೇ ತಿನ್ನೋಣ. ಆ ದೊಡ್ಡ ಪರಾತ ತಗೊಂಡು ಬಾ."

ಆ ದೊಡ್ಡ ಪರಾತ ಎಲ್ಲಿದೆಯೆಂದು ನನಗೆ ಆಗ ನೆನಪಾಯಿತು. ಕಾರಿನ ಕೆಳಗೆ, ತುಂಬಿ ತುಳುಕುತ್ತ ಇತ್ತು.

ನಾನು ಸುಲಭವಾಗಿ ಅಳುವವಳಲ್ಲ. ನಿಂತಲ್ಲೇ ನಿಂತು, "ಅತ್ತೆ, ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೋಗೋಣ. ಕಾರು ಕೆಡಿಸಿದ್ದು ನಾನು ಅಂತ ದೊಡ್ಡತ್ತೆಗೆ ನಾನೇ ಹೇಳ್ತೀನಿ" ಎಂದೆ. ಅವರು ಸೀರೆ ಬಿಟ್ಟು ನನ್ನ ಕೈಗಳನ್ನು ಹಿಡಿದು ನೋಡಿದರು. ಮೂರು ಸಲ ಸೀಗೆಪುಡಿ ಹಚ್ಚಿ ತಿಕ್ಕಿದ್ದರೂ ಮೊಣಕೈವರೆಗೆ ಕಪ್ಪಾಗಿಯೇ ಇದ್ದವು. ನೋಡುತ್ತ ನೋಡುತ್ತ ಅವರ ತುಟಿ ಅದುರಿತು. ಅಳುತ್ತಾರೆಂದುಕೊಂಡೆ. ನಕ್ಕರು.

"ಈ ಕೈ ಕಂಡ್ರೆ ಅಕ್ಕ ಬಸ್ಸಿನ ಮಾತು ಎತ್ತಂಗಿಲ್ಲ. ನಡಿ, ಹೋಗೋಣ."

ಮೊದಲನೇ ಬಸ್ಸಿಗೆ ಹೋದದ್ದರಿಂದ ನಾವು ಹರಿಹರ ತಲುಪಿದಾಗ ಬಾಗಿಲಿಗೆ ತೋರಣವನ್ನೂ ಕಟ್ಟಿರಲಿಲ್ಲ. ದೊಡ್ಡತ್ತೆ ಇನ್ನೂ ತಲೆ ಬಾಚಿಕೊಳ್ಳುತ್ತ ಹೊರಗೆ ಬಂದರು. ಅತ್ತೆಯವರು ಹೊಸ್ತಿಲಾಚೆಯೇ ನಿಂತು, "ಬಸ್ಸಿಗೆ ಬರೋರು ಎಲ್ರಿಗಿಂತ ಮೊದ್ಲು ಬಂದೀವಿ ನೋಡಕ್ಕ" ಎಂದರು.

ದೊಡ್ಡತ್ತೆ ಬೀದಿಯತ್ತ ಕಣ್ಣು ಹಾಯಿಸಿದರು. "ಕಾರು ತಗೊಂಡೀರಿ ಅಂದ್ರು?"

"ಐತೆ. ನನ್ನ ಸೊಸೆ ಬಿಚ್ಚಿಟ್ಟಾಳೆ. ನಿನ್ನ ಮೂರು ಸೊಸೆಯರಾಗೆ ಯಾರಿಗಾದ್ರೂ ಕಾರು ಬಿಚ್ಚೋಕೆ ಬರ್ತೈತಾ?"

ನಾನು ಬಿಚ್ಚಿರಲಿಲ್ಲ. ಆದರೆ ನಿಖರತೆಗೆ ಅದು ಸಮಯವಲ್ಲವೆಂದು ತೋರಿತು. ಸೆರಗಿನೊಳಗಿದ್ದ ಕೈಗಳನ್ನು ಅತ್ತೆಯವರೇ ಹೊರಗೆಳೆದು ಸಾಕ್ಷಿಯಾಗಿ ಒಪ್ಪಿಸಿದರು. ದೊಡ್ಡತ್ತೆ ಕೈ ನೋಡಿದರು, ಕಿವಿಯ ಹಿಂದೆ ಉಳಿದಿದ್ದ ಮಸಿ ನೋಡಿದರು, ಬಾಚಣಿಗೆ ಕೆಳಗೆ ಹಾಕಿ ನಗತೊಡಗಿದರು. ಅತ್ತೆಯವರೂ ಸೇರಿಕೊಂಡರು. ಅಕ್ಕತಂಗಿಯರು ಒಬ್ಬರ ಹೆಗಲು ಒಬ್ಬರು ಹಿಡಿದು, ಮೂರು ವರ್ಷದ ನಗೆಯನ್ನು ಒಂದೇ ಬೆಳಿಗ್ಗೆ ನಕ್ಕು ಮುಗಿಸಿದರು. ಬಂದವರಿಗೆಲ್ಲ ಮೊದಲು ಹೊಸ ಮನೆ ತೋರಿಸಿ ಆಮೇಲೆ ನನ್ನ ಕೈ ತೋರಿಸಿದರು.

ಸೋಮವಾರ ರಹೀಂ ಸಾಬರು ಬಂದು ಕಾರಿನ ಕೆಳಗೆ ಮಲಗಿ, ಅರ್ಧ ದಿನ ಒದ್ದಾಡಿ, ಉಳಿ ಸುತ್ತಿಗೆಗಳಿಂದ ಆ ಬೋಲ್ಟನ್ನು ಕಡಿದು ತೆಗೆದರು. ಹೊರಗೆ ಬಂದು, "ಮೇಷ್ಟ್ರೇ, ಇದನ್ನ ಟೈಟ್ ಮಾಡಿದ ಉಸ್ತಾದ್ ಯಾರ್ರೀ? ಲಾರಿ ಚಕ್ರಕ್ಕೆ ಅಂಥಾ ಕೈ ಬೇಕಿತ್ತು" ಎಂದು ಕೇಳಿದರು. ನಮ್ಮವರು ಅವರ ಪಾದಗಳಿಗೂ ಹಿಡಿದಿದ್ದ ಕೊಡೆ ಮಡಿಸುತ್ತ, ಮೈಸೂರಿನಲ್ಲಿ ಕಲಿತವರೊಬ್ಬರು ಎಂದರು.

ಆ ಪರಾತದಲ್ಲಿ ಮತ್ತೆ ಮಂಡಕ್ಕಿ ಕಲಸಲಿಲ್ಲ. ಆದರೆ ನನ್ನ ವಿದ್ಯೆ ಈ ಮನೆಗೆ ಪೂರ್ತಿ ವ್ಯರ್ಥವಾಯಿತೆಂದು ಹೇಳಲಾರೆ. ಉಪ್ಪಿನಕಾಯಿ ಹಾಕಿದಾಗಲೆಲ್ಲ, ಗಾಜಿನ ಜಾಡಿಗಳ ತಿರುಪಿನ ಮುಚ್ಚಳ ಹಾಕುವ ಹೊತ್ತಿಗೆ, ಅತ್ತೆಯವರು ಅಡುಗೆಮನೆಯಿಂದ ಕೂಗಿ ನನ್ನನ್ನೇ ಕರೆಯುತ್ತಾರೆ. ತೆಗೆಯುವುದು ಅವರೇ.